ತಪ್ಪನ್ನು ತೋರಿಸುವವರು ಯಾರು?

ತಪ್ಪಿನಿಂದ ಪಾಠ ಕಲಿಯಬೇಕು ಎಂಬ ಮಾತನ್ನು ಹೇಳದ ಹಿರಿಯರಿಲ್ಲ. ಶಾಲೆಯ ವಾರ್ಷಿಕೋತ್ಸವದಲ್ಲಿ ಮುಖ್ಯ ಅತಿಥಿಗಳು ಹೇಳುತ್ತಾರೆ, ಜುಮಾದ ಭಾಷಣದಲ್ಲಿ ಖತೀಬರು ಹೇಳುತ್ತಾರೆ, ಮನೆಯಲ್ಲಿ ನಾವೇ ಹೇಳುತ್ತೇವೆ. ಆದರೆ ಗಣಿತದಲ್ಲಿ ಅಂಕ ಕಡಿಮೆಯಾದ ಮಗ ಅಂಕಪಟ್ಟಿಯನ್ನು ಚೀಲದ ತಳದಲ್ಲಿ ಬಚ್ಚಿಡುತ್ತಾನೆ. ಅದನ್ನು ಹೊರಗೆ ತೆಗೆದರೆ ಸಿಗುವುದು ಪಾಠವಲ್ಲ, ಬೈಗುಳ ಎಂಬುದು ಅವನಿಗೆ ಗೊತ್ತಿದೆ. ಎಸ್‌ಎಸ್‌ಎಲ್‌ಸಿ ಮತ್ತು ಪಿಯುಸಿ ಫಲಿತಾಂಶ ಬಂದ ಮರುದಿನ ಪತ್ರಿಕೆಯ ಒಂದು ಪುಟದಲ್ಲಿ ರ‍್ಯಾಂಕ್ ಬಂದವರ ಭಾವಚಿತ್ರಗಳಿರುತ್ತವೆ. ಇನ್ನೊಂದು ಪುಟದ ಮೂಲೆಯಲ್ಲಿ, ಅನುತ್ತೀರ್ಣಳಾದ ದುಃಖದಿಂದ ಜೀವ ಕಳೆದುಕೊಂಡ ಹುಡುಗಿಯೊಬ್ಬಳ ನಾಲ್ಕು ಸಾಲಿನ ಸುದ್ದಿಯಿರುತ್ತದೆ. ತಪ್ಪಿನಿಂದ ಕಲಿಯಬೇಕೆಂದು ಉಪದೇಶಿಸುವ ಸಮಾಜದಲ್ಲಿ ತಪ್ಪಿದವರ ಪಾಡು ಹೀಗೇಕಾಯಿತು?

ಈ ಉಪದೇಶದಲ್ಲೇ ಏನೋ ಕೊರತೆಯಿದೆ ಎಂದು ನಮಗೆ ಅನಿಸುತ್ತದೆ. ತಪ್ಪು ತಾನಾಗಿ ಯಾರಿಗೂ ಏನನ್ನೂ ಕಲಿಸುವುದಿಲ್ಲ. ಹಾಗೆ ಕಲಿಸುವುದಾಗಿದ್ದರೆ ಒಂದೇ ತಪ್ಪನ್ನು ಜೀವಮಾನವಿಡೀ ಮಾಡುತ್ತಾ ಬಂದವರು ಮಹಾಜ್ಞಾನಿಗಳಾಗಿರುತ್ತಿದ್ದರು. ಎಡವಿದ ಕಾಲೇ ಮತ್ತೆ ಎಡವುವುದನ್ನು ನಾವು ನಿತ್ಯ ಕಾಣುತ್ತೇವೆ. ತಪ್ಪು ಕಲಿಸಬೇಕಾದರೆ ಅದು ಎಲ್ಲಿ, ಎಷ್ಟು ಎಂಬುದು ಕಣ್ಣಿಗೆ ಕಾಣಬೇಕು. ಅದನ್ನು ತೋರಿಸುವವರು ಇರಬೇಕು. ತೋರಿಸಿದಾಗ ತಪ್ಪಿದವನ ಮಾನ ಹೋಗಬಾರದು. ಈ ಏರ್ಪಾಡನ್ನು ತಕ್ಕಮಟ್ಟಿಗೆ ಸಾಧಿಸಿದ ಎರಡು ಕ್ಷೇತ್ರಗಳೆಂದರೆ ವಿಜ್ಞಾನ ಮತ್ತು ನೃತ್ಯ. ಒಂದು ಬುದ್ಧಿಯದು, ಇನ್ನೊಂದು ದೇಹದ್ದು. ನೃತ್ಯದ ಬಗ್ಗೆ ನಮ್ಮ ಓದುಗರಲ್ಲಿ ಭಿನ್ನಾಭಿಪ್ರಾಯಗಳಿರುವುದು ನಮಗೆ ತಿಳಿದಿದೆ. ಆ ಚರ್ಚೆ ಈ ಲೇಖನದ ವಿಷಯವಲ್ಲ. ಕಲಿಕೆ ಹೇಗೆ ನಡೆಯುತ್ತದೆ ಎಂಬುದಷ್ಟೇ ಇಲ್ಲಿನ ಪ್ರಶ್ನೆ.

ಪೆನಿಸಿಲಿನ್ ಕತೆಯ ಉಳಿದರ್ಧ

ತಪ್ಪಿನ ಮಹಿಮೆಗೆ ಉದಾಹರಣೆಯಾಗಿ ಎಲ್ಲರೂ ಹೇಳುವುದು ಅಲೆಕ್ಸಾಂಡರ್ ಫ್ಲೆಮಿಂಗ್ ಅವರ ಕತೆ. 1928ರ ಸೆಪ್ಟೆಂಬರ್‌ನಲ್ಲಿ ರಜೆ ಮುಗಿಸಿ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯ ಪ್ರಯೋಗಾಲಯಕ್ಕೆ ಮರಳಿದ ಅವರಿಗೆ, ಬ್ಯಾಕ್ಟೀರಿಯಾ ಬೆಳೆಸಿದ್ದ ತಟ್ಟೆಯೊಂದರಲ್ಲಿ ಬೂಷ್ಟು ಬೆಳೆದಿರುವುದು ಕಂಡಿತು. ಆ ಬೂಷ್ಟಿನ ಸುತ್ತ ಬ್ಯಾಕ್ಟೀರಿಯಾ ಸತ್ತಿದ್ದವು. ಹೀಗೆ ಅಜಾಗರೂಕತೆಯಿಂದ ಪೆನಿಸಿಲಿನ್ ಸಿಕ್ಕಿತು ಎಂದು ಕತೆ ಅಲ್ಲಿಗೇ ಮುಗಿಯುತ್ತದೆ.

ವಾಸ್ತವದಲ್ಲಿ ಅದು ಅರ್ಧ ಕತೆ ಮಾತ್ರ. ಬೂಷ್ಟು ಹಿಡಿದ ತಟ್ಟೆಗಳು ಪ್ರಯೋಗಾಲಯಗಳಲ್ಲಿ ಅಪರೂಪವೇನಲ್ಲ. ಅವು ತೊಳೆಯುವ ತೊಟ್ಟಿಗೆ ಹೋಗುತ್ತವೆ. ಫ್ಲೆಮಿಂಗ್ ಅದನ್ನು ಎಸೆಯದೆ ನೋಡಿದ್ದಕ್ಕೆ ಕಾರಣವಿತ್ತು. ಕೆಲವು ವರ್ಷಗಳ ಹಿಂದೆಯಷ್ಟೇ ಅವರು ಬ್ಯಾಕ್ಟೀರಿಯಾವನ್ನು ಕರಗಿಸುವ ಲೈಸೋಜೈಮ್ ಎಂಬ ವಸ್ತುವನ್ನು ಕಂಡುಹಿಡಿದಿದ್ದರು. ಏನನ್ನು ನೋಡಬೇಕೆಂಬ ತರಬೇತಿ ಆ ಕಣ್ಣಿಗಿತ್ತು. ಅಷ್ಟಾದರೂ 1929ರಲ್ಲಿ ಲೇಖನ ಪ್ರಕಟಿಸಿದ ಮೇಲೆ ಅವರಿಂದ ಆ ವಸ್ತುವನ್ನು ಶುದ್ಧರೂಪದಲ್ಲಿ ಬೇರ್ಪಡಿಸಲಾಗಲಿಲ್ಲ. ಸುಮಾರು 10 ವರ್ಷಗಳ ನಂತರ ಆಕ್ಸ್‌ಫರ್ಡ್‌ನಲ್ಲಿ ಹೋವರ್ಡ್ ಫ್ಲೋರಿ, ಅರ್ನ್ಸ್ಟ್ ಚೈನ್, ನಾರ್ಮನ್ ಹೀಟ್ಲಿ ಮೊದಲಾದವರು ಆ ಕೆಲಸವನ್ನು ಕೈಗೆತ್ತಿಕೊಂಡರು. 1941ರಲ್ಲಿ ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸನಿಗೆ ಆ ಔಷಧಿ ಕೊಟ್ಟಾಗ ಆತ ಚೇತರಿಸಿಕೊಳ್ಳತೊಡಗಿದ. ಔಷಧಿ ಎಷ್ಟು ಕಡಿಮೆಯಿತ್ತೆಂದರೆ ಅವನ ಮೂತ್ರದಿಂದಲೇ ಅದನ್ನು ಮತ್ತೆ ಬೇರ್ಪಡಿಸಿ ಕೊಡಬೇಕಾಯಿತು. ಕೊನೆಗೆ ಅದೂ ಮುಗಿದು ಆತ ತೀರಿಕೊಂಡ. ಆ ಸಾವಿನಿಂದ ತಿಳಿದದ್ದು ಔಷಧಿ ನಿಷ್ಫಲ ಎಂದಲ್ಲ, ಸಾಲದು ಎಂದು. ಮುಂದೆ ಅದನ್ನು ಹೇರಳವಾಗಿ ತಯಾರಿಸುವ ದಾರಿ ಹುಡುಕಲಾಯಿತು. ಆಕಸ್ಮಿಕವನ್ನು ಔಷಧಿಯಾಗಿ ಮಾಡಿದ್ದು ಅನೇಕರ ವರ್ಷಗಟ್ಟಲೆಯ ಶ್ರಮ. ತಪ್ಪನ್ನು ಹೊಗಳುವ ಭರದಲ್ಲಿ ನಾವು ಆ ಶ್ರಮವನ್ನು ಕತೆಯಿಂದ ಕತ್ತರಿಸಿಬಿಡುತ್ತೇವೆ.

ಎಂಟು ನಿಮಿಷ, ಒಂದು ಮಾತ್ರೆ

ವಿಜ್ಞಾನದಲ್ಲಿ ತಪ್ಪು ಹೇಗೆ ಕಲಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಯೋಹಾನೆಸ್ ಕೆಪ್ಲರ್. ಟೈಕೊ ಬ್ರಾಹೆ ಎಂಬ ಖಗೋಳಜ್ಞ ದಶಕಗಳ ಕಾಲ ದಾಖಲಿಸಿದ್ದ ಅವಲೋಕನಗಳನ್ನು ಮುಂದಿಟ್ಟುಕೊಂಡು ಕೆಪ್ಲರ್ ಮಂಗಳಗ್ರಹದ ಪಥವನ್ನು ಲೆಕ್ಕ ಹಾಕುತ್ತಿದ್ದ. ಪಥ ವೃತ್ತಾಕಾರವೆಂದು ನಂಬಿ ಹಲವು ವರ್ಷ ಶ್ರಮಿಸಿದ. ಕೊನೆಗೆ ಅವನ ಲೆಕ್ಕಕ್ಕೂ ಟೈಕೊನ ಅವಲೋಕನಕ್ಕೂ ಉಳಿದ ವ್ಯತ್ಯಾಸ ಕೋನದ ಅಳತೆಯಲ್ಲಿ 8 ನಿಮಿಷ ಮಾತ್ರ. ಆಕಾಶದಲ್ಲಿ ಹುಣ್ಣಿಮೆಯ ಚಂದ್ರನ ಅಗಲ ಸುಮಾರು 30 ನಿಮಿಷ. ಅದರ ಕಾಲುಭಾಗದಷ್ಟು ವ್ಯತ್ಯಾಸ. ಹಿಂದಿನವರಾಗಿದ್ದರೆ ಅದನ್ನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಆದರೆ ಟೈಕೊನ ಅವಲೋಕನಗಳು ಅಷ್ಟು ತಪ್ಪಲಾರವು ಎಂಬುದು ಕೆಪ್ಲರನಿಗೆ ಗೊತ್ತಿತ್ತು. ಹಾಗಾದರೆ ತಪ್ಪಿರುವುದು ತನ್ನ ಸಿದ್ಧಾಂತ. ಅವನು ವೃತ್ತವನ್ನು ಬಿಟ್ಟ. ಪಥ ದೀರ್ಘವೃತ್ತವೆಂದು 1609ರಲ್ಲಿ ಪ್ರಕಟಿಸಿದ. ಗಮನಾರ್ಹವಾದ ಸಂಗತಿಯೆಂದರೆ, ಆ ಗ್ರಂಥದಲ್ಲಿ ಅವನು ತಾನು ದಾರಿ ತಪ್ಪಿದ ಪ್ರಯತ್ನಗಳನ್ನೂ ಬರೆದಿಟ್ಟ. ಓದುಗರಿಂದ ಅವನ್ನು ಮುಚ್ಚಿಡಲಿಲ್ಲ.

ಕೆಪ್ಲರನಿಗೆ 8 ನಿಮಿಷ ಹೇಗೋ, ಕಥಕ್ ನರ್ತಕಿಗೆ ಒಂದು ಮಾತ್ರೆ ಹಾಗೆ. ಲಕ್ನೋದ ನವಾಬ್ ವಾಜಿದ್ ಅಲಿ ಶಾ ಅವರ ಆಸ್ಥಾನದಲ್ಲಿ ಆಶ್ರಯ ಪಡೆದು ಬೆಳೆದ ಈ ನೃತ್ಯವನ್ನು ಬೆಂಗಳೂರಿನವರಾದ ಮಾಯಾ ರಾವ್ (1928-2014) ಶಂಭು ಮಹಾರಾಜರಿಂದ ಕಲಿತು ನಮ್ಮ ನಾಡಿಗೆ ತಂದು ಅನೇಕರಿಗೆ ಕಲಿಸಿದರು. ಅದರಲ್ಲಿ ತಿಹಾಯಿ ಎಂಬುದೊಂದಿದೆ. ಒಂದೇ ಬೋಲನ್ನು ಮೂರು ಸಲ ಕುಣಿದು, ಮೂರನೆಯದರ ಕೊನೆಯ ಹೆಜ್ಜೆ ತಾಳದ ಮೊದಲ ಮಾತ್ರೆಯಾದ 'ಸಮ್' ಮೇಲೆ ಬೀಳಬೇಕು. ತೀನ್‌ತಾಳದಲ್ಲಿ 16 ಮಾತ್ರೆಗಳು. ಸಮ್‌ನಿಂದ ಆರಂಭಿಸಿ ಮುಂದಿನ ಸಮ್‌ಗೆ ಬರಬೇಕಾದರೆ ಎರಡೂ ತುದಿ ಸೇರಿ 17 ಮಾತ್ರೆಗಳ ಲೆಕ್ಕ. 5 ಮಾತ್ರೆಯ ಬೋಲು ಮೂರು ಸಲ, ನಡುವೆ ಎರಡು ಕಡೆ ಒಂದೊಂದು ಮಾತ್ರೆಯ ವಿರಾಮ. ಎರಡನೆಯ ವಿರಾಮವನ್ನು ಮರೆತರೆ ಪಾದ 16ನೇ ಮಾತ್ರೆಗೇ ಬಿದ್ದುಬಿಡುತ್ತದೆ. ತಬಲಾ ಇನ್ನೂ ಸಮ್‌ಗೆ ಬಂದಿರುವುದಿಲ್ಲ. ತಪ್ಪಾಯಿತೆಂದು ಯಾರೂ ಹೇಳಬೇಕಾಗಿಲ್ಲ, ಗೆಜ್ಜೆಯೇ ಹೇಳುತ್ತದೆ. ಎಷ್ಟು ತಪ್ಪಾಯಿತೆಂಬುದನ್ನೂ ಹೇಳುತ್ತದೆ, ಒಂದು ಮಾತ್ರೆ. ಚೆನ್ನಾಗಿಲ್ಲ, ಇನ್ನೂ ಕಲಿಯಬೇಕು ಎಂಬಂಥ ಅಸ್ಪಷ್ಟ ಮಾತಿಗೆ ಅಲ್ಲಿ ಜಾಗವಿಲ್ಲ.

ಭರತನಾಟ್ಯದಲ್ಲಿ ಇದಕ್ಕೆ ಬೇರೊಂದು ಉಪಾಯವಿದೆ. ಅಡವುಗಳನ್ನು ಮೂರು ಕಾಲಗಳಲ್ಲಿ ಮಾಡಿಸುತ್ತಾರೆ. ಮೊದಲ ಕಾಲದ ನಿಧಾನಗತಿಯಲ್ಲಿ ಮಂಡಿಗಳು ಸರಿಯಾಗಿ ಬಾಗಿರುತ್ತವೆ, ಅರಮಂಡಿ ಅಚ್ಚುಕಟ್ಟಾಗಿ ಕಾಣುತ್ತದೆ. ಮೂರನೆಯ ಕಾಲಕ್ಕೆ ಬಂದಾಗ ಮಂಡಿ ನೆಟ್ಟಗಾಗತೊಡಗುತ್ತದೆ, ಭುಜ ಮೇಲೇಳುತ್ತದೆ. ನಿಧಾನದಲ್ಲಿ ಅಡಗಿದ್ದ ದೋಷವನ್ನು ವೇಗ ಹೊರಗೆಳೆಯುತ್ತದೆ. ಆಗ ಬಲ್ಲ ಗುರು ಮಾಡುವುದೇನು? ಮತ್ತೆ ಮೊದಲ ಕಾಲಕ್ಕೆ ಮರಳಿಸಿ ತಿದ್ದುತ್ತಾರೆ. ಬೆಂಗಳೂರಿನಲ್ಲಿ ಭರತನಾಟ್ಯಕ್ಕೆ ನೆಲೆ ಒದಗಿಸಿದವರಲ್ಲಿ ಒಬ್ಬರಾದ ಯು. ಎಸ್. ಕೃಷ್ಣರಾವ್ (1912-2005) ವೃತ್ತಿಯಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಅವರೂ ಪತ್ನಿ ಚಂದ್ರಭಾಗಾದೇವಿಯವರೂ ಪಂದನಲ್ಲೂರಿನ ಮೀನಾಕ್ಷಿಸುಂದರಂ ಪಿಳ್ಳೈ ಅವರಲ್ಲಿ ನೃತ್ಯ ಕಲಿತವರು. ಪ್ರಯೋಗಾಲಯ ಮತ್ತು ರಂಗಸ್ಥಳ ಒಬ್ಬ ಮನುಷ್ಯನಲ್ಲೇ ಕೂಡಿ ಬಾಳಬಲ್ಲವು ಎಂಬುದಕ್ಕೆ ಇದೊಂದು ಸಾಕ್ಷಿ.

ಕರಾವಳಿಯ ನಮ್ಮ ಓದುಗರಿಗೆ ಇಷ್ಟು ದೂರದ ಉದಾಹರಣೆಯೂ ಬೇಕಿಲ್ಲ. ಬ್ಯಾರಿ ಸಮುದಾಯದ ದಫ್ ಮತ್ತು ಕೋಲ್ಕಳಿಯನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ. ಕೋಲ್ಕಳಿಯಲ್ಲಿ ಒಬ್ಬನ ಹೆಜ್ಜೆ ತಪ್ಪಿದರೆ ಅವನ ಕೋಲು ಜೊತೆಗಾರನ ಕೋಲಿಗೆ ತಾಗುವ ಬದಲು ಅವನ ಬೆರಳಿಗೆ ತಾಗುತ್ತದೆ. ತಪ್ಪು ತನ್ನೊಬ್ಬನದಾಗಿ ಉಳಿಯುವುದಿಲ್ಲ. ಹಾಗೆಂದು ತಪ್ಪಿದವನನ್ನು ವೃತ್ತದಿಂದ ಹೊರಗೆ ಹಾಕಿದರೆ ಆಟವೇ ನಡೆಯುವುದಿಲ್ಲ. ಗತಿ ಇಳಿಸಿ, ಅವನನ್ನು ಸೇರಿಸಿಕೊಂಡು ಮತ್ತೆ ಏರಿಸಬೇಕು.

ದೇಹ ಹೀಗೆ ಕಲಿಯುವುದು ಹೇಗೆಂದು ವಿಜ್ಞಾನವೇ ಪರೀಕ್ಷಿಸಿ ನೋಡಿದೆ. 19ನೇ ಶತಮಾನದಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಮಾಡಿದ ಪ್ರಯೋಗ ಪ್ರಸಿದ್ಧವಾಗಿದೆ. ನೋಟವನ್ನು ಒಂದು ಬದಿಗೆ ಸರಿಸುವ ಪಟ್ಟಕದ ಕನ್ನಡಕ ಹಾಕಿಕೊಂಡು ಎದುರಿನ ವಸ್ತುವನ್ನು ಮುಟ್ಟಹೋದರೆ ಕೈ ಪಕ್ಕಕ್ಕೆ ಹೋಗುತ್ತದೆ. ಕೆಲವು ಪ್ರಯತ್ನಗಳಲ್ಲಿ ಕೈ ತಾನಾಗಿ ಸರಿದಾರಿಗೆ ಬರುತ್ತದೆ. ಕನ್ನಡಕ ತೆಗೆದಾಗ ಸ್ವಲ್ಪ ಹೊತ್ತು ವಿರುದ್ಧ ಬದಿಗೆ ತಪ್ಪುತ್ತದೆ. ಮೆದುಳು ತಪ್ಪನ್ನು ಅಳೆದು ಅಷ್ಟೇ ಪ್ರಮಾಣದಲ್ಲಿ ತಿದ್ದಿಕೊಂಡಿದೆ ಎಂದರ್ಥ. ಈ ಕೆಲಸದಲ್ಲಿ ತಲೆಯ ಹಿಂಭಾಗದ ಕಿರುಮೆದುಳಿನ ಪಾತ್ರ ದೊಡ್ಡದು. ಆದರೆ ತನ್ನ ಕೈ ಎಲ್ಲಿ ಬಿತ್ತೆಂಬುದು ತಿಳಿಯದಂತೆ ಮಾಡಿದರೆ ಎಷ್ಟು ಸಲ ಚಾಚಿದರೂ ಕೈ ಸರಿಯಾಗದು. ತಪ್ಪಿದ್ದು ಸಾಲದು, ತಪ್ಪಿದ್ದು ಕಾಣಬೇಕು.

ಹುಚ್ಚನ ವೇಷ

ಇಷ್ಟು ಹೇಳಿ ವಿಜ್ಞಾನ ಮತ್ತು ನೃತ್ಯಗಳನ್ನು ಆದರ್ಶಲೋಕವೆಂದು ಬಣ್ಣಿಸಿದರೆ ಅದು ಸತ್ಯಕ್ಕೆ ಅಪಚಾರ. ನೃತ್ಯದ ತರಗತಿಯಲ್ಲಿ ಗುರುವಿನ ಭಯದಿಂದ ಪ್ರಶ್ನೆಯನ್ನೇ ಕೇಳದೆ, ಗುರುವಿನ ದೋಷವನ್ನೂ ಶೈಲಿಯೆಂದು ಅನುಕರಿಸಿದವರಿದ್ದಾರೆ. ವಿಜ್ಞಾನದಲ್ಲೂ ತಪ್ಪಿಗೆ ಬೆಲೆ ತೆರಬೇಕಾಗುತ್ತದೆ. 2011ರ ಸೆಪ್ಟೆಂಬರ್‌ನಲ್ಲಿ ಒಪೆರಾ ಎಂಬ ಪ್ರಯೋಗತಂಡ, ಜಿನೀವಾ ಬಳಿಯ ಸರ್ನ್‌ನಿಂದ ಇಟಲಿಯ ಗ್ರಾನ್ ಸಾಸೊ ಪ್ರಯೋಗಾಲಯಕ್ಕೆ ಸುಮಾರು 730 ಕಿಲೋಮೀಟರ್ ಸಾಗಿದ ನ್ಯೂಟ್ರಿನೊ ಕಣಗಳು ಬೆಳಕಿಗಿಂತ ಸುಮಾರು 60 ನ್ಯಾನೊಸೆಕೆಂಡ್ ಮೊದಲೇ ತಲುಪಿದಂತೆ ಕಾಣುತ್ತದೆ ಎಂದು ಪ್ರಕಟಿಸಿತು. ನಮ್ಮ ತಪ್ಪು ಎಲ್ಲಿದೆ, ಹುಡುಕಿ ಎಂದು ಲೋಕದ ವಿಜ್ಞಾನಿಗಳ ಮುಂದೆ ಲೆಕ್ಕವನ್ನು ಇಟ್ಟಿತು. 2012ರಲ್ಲಿ ಸರಿಯಾಗಿ ಜೋಡಣೆಯಾಗದ ಆಪ್ಟಿಕಲ್ ಫೈಬರ್ ಕೇಬಲ್ ಒಂದು ಮುಖ್ಯ ದೋಷವೆಂದು ತಿಳಿಯಿತು. ದೋಷ ಹೊರಬಂದದ್ದು ವಿಜ್ಞಾನದ ಗೆಲುವೇ. ಆದರೂ ತಂಡದ ಇಬ್ಬರು ಮುಂದಾಳುಗಳು ಹುದ್ದೆ ಬಿಡಬೇಕಾಯಿತು.

ತಪ್ಪನ್ನು ಒಪ್ಪಲು ಅವಕಾಶವೇ ಇಲ್ಲದ ಕಡೆ ಏನಾಗುತ್ತದೆ? ಬಸ್ರಾದಲ್ಲಿ ಹುಟ್ಟಿದ ಇಬ್ನುಲ್ ಹೈಸಮ್ (ಸುಮಾರು 965-1040) ನೈಲ್ ನದಿಯ ನೆರೆಯನ್ನು ನಿಯಂತ್ರಿಸಬಹುದೆಂದು ಹೇಳಿದ್ದರು. ಈಜಿಪ್ಟಿನ ಫಾತಿಮಿ ಖಲೀಫ ಅಲ್ ಹಾಕಿಮ್ ಅವರನ್ನು ಕರೆಸಿಕೊಂಡ. ದಕ್ಷಿಣಕ್ಕೆ ಹೋಗಿ ನದಿಯನ್ನು ಕಣ್ಣಾರೆ ಕಂಡಾಗ ಅದು ಸಾಧ್ಯವಿಲ್ಲದ ಕೆಲಸವೆಂದು ಅವರಿಗೆ ಅರಿವಾಯಿತು. ಆದರೆ ಆ ಖಲೀಫನ ಕೋಪ ಕುಖ್ಯಾತವಾಗಿತ್ತು. ಹಳೆಯ ಜೀವನಚರಿತ್ರಕಾರರು ಹೇಳುವಂತೆ, ಇಬ್ನುಲ್ ಹೈಸಮ್ ಜೀವ ಉಳಿಸಿಕೊಳ್ಳಲು ಹುಚ್ಚನಂತೆ ನಟಿಸಿದರು. 1021ರಲ್ಲಿ ಖಲೀಫನ ಅಂತ್ಯವಾಗುವವರೆಗೂ ಆ ವೇಷ ಕಳಚಲಿಲ್ಲ. ಆ ಕಾಲದ ಅತ್ಯಂತ ವಿವೇಕಿಯಾದ ವ್ಯಕ್ತಿಯೊಬ್ಬರು "ನನ್ನ ಲೆಕ್ಕ ತಪ್ಪಾಯಿತು" ಎನ್ನುವುದಕ್ಕಿಂತ ಹುಚ್ಚನಾಗುವುದೇ ಸುರಕ್ಷಿತವೆಂದು ಭಾವಿಸಬೇಕಾಯಿತು. ಅಂಕಪಟ್ಟಿ ಬಚ್ಚಿಡುವ ಹುಡುಗನಿಗೂ ಇವರಿಗೂ ವ್ಯತ್ಯಾಸ ಬಹಳವೇನಿಲ್ಲ.

ನಮ್ಮ ವೇದಿಕೆಗಳಲ್ಲಿ ಇಬ್ನುಲ್ ಹೈಸಮ್ ಅವರ ಹೆಸರು ಆಗಾಗ ಕೇಳಿಬರುತ್ತದೆ. ಕ್ಯಾಮರಾದ ಮೂಲಪುರುಷ ನಮ್ಮವನು ಎಂದು ಹೆಮ್ಮೆಪಡುತ್ತೇವೆ. ಆದರೆ ಅವರ ನಿಜವಾದ ಹಿರಿಮೆಯನ್ನು ಮರೆಯುತ್ತೇವೆ. ಟಾಲೆಮಿಯಂತಹ ಮಹಾಪಂಡಿತನ ದೋಷಗಳನ್ನು ತೋರಿಸುವುದಕ್ಕೆಂದೇ ಅವರು ಒಂದು ಗ್ರಂಥ ಬರೆದರು. ಸತ್ಯವನ್ನು ಹುಡುಕುವವನು ಹಿಂದಿನವರ ಮಾತನ್ನು ಪರೀಕ್ಷಿಸುವಾಗ ತನ್ನನ್ನೂ ಸಂಶಯದಿಂದ ನೋಡಿಕೊಳ್ಳಬೇಕು ಎಂಬ ನಿಲುವನ್ನು ಅದರಲ್ಲಿ ಮುಂದಿಟ್ಟರು. ಕಾಮನಬಿಲ್ಲಿನ ಬಗ್ಗೆ ಅವರು ಕೊಟ್ಟ ವಿವರಣೆ ಸರಿಯಾಗಿರಲಿಲ್ಲ. ಸುಮಾರು 300 ವರ್ಷಗಳ ಬಳಿಕ ಕಮಾಲುದ್ದೀನ್ ಅಲ್ ಫಾರಿಸಿ ನೀರು ತುಂಬಿದ ಗಾಜಿನ ಗೋಳವನ್ನು ಮಳೆಹನಿಯೆಂದು ಭಾವಿಸಿ ಪರೀಕ್ಷಿಸಿದರು. ಹನಿಯೊಳಗೆ ಬೆಳಕು ಬಾಗಿ, ಪ್ರತಿಫಲಿಸಿ ಹೊರಬರುವುದರಿಂದ ಬಿಲ್ಲು ಮೂಡುತ್ತದೆಂದು ತೋರಿಸಿದರು. ಅವರು ಇದನ್ನು ಬರೆದದ್ದು ಇಬ್ನುಲ್ ಹೈಸಮ್ ಅವರ ದೃಗ್ವಿಜ್ಞಾನ ಗ್ರಂಥದ ಪರಿಷ್ಕರಣೆಯಾಗಿ. ಹಿರಿಯರನ್ನು ತಿದ್ದುವುದೇ ಹಿರಿಯರಿಗೆ ಸಲ್ಲಿಸುವ ಗೌರವ ಎಂದು ಆ ಪರಂಪರೆ ತಿಳಿದಿತ್ತು. ನಾವು ಅವರ ಹೆಸರುಗಳ ಪಟ್ಟಿಯನ್ನು ಉಳಿಸಿಕೊಂಡೆವು, ಅಭ್ಯಾಸವನ್ನು ಬಿಟ್ಟೆವು.

ಸಾಲಿನಿಂದ ಬಂದ ದನಿ

ಆ ಅಭ್ಯಾಸ ಎಲ್ಲಿಯೂ ಉಳಿದಿಲ್ಲವೆಂದೂ ಅಲ್ಲ. ದಿನಕ್ಕೆ ಐದು ಹೊತ್ತು ಅದು ನಮ್ಮ ಕಣ್ಣ ಮುಂದೆಯೇ ಇದೆ. ನಮಾಝ್‌ನಲ್ಲಿ ಇಮಾಮರು ಕುರ್‌ಆನ್ ಪಠಿಸುತ್ತಾ ತಪ್ಪಿದರೆ ಹಿಂದಿನ ಸಾಲಿನಲ್ಲಿರುವ ಬಲ್ಲವರು ಸರಿಯಾದ ವಾಕ್ಯವನ್ನು ನೆನಪಿಸುತ್ತಾರೆ. ರಕಅತ್‌ನ ಎಣಿಕೆ ಮರೆತರೆ "ಸುಬ್‌ಹಾನಲ್ಲಾಹ್" ಎಂದು ಎಚ್ಚರಿಸುತ್ತಾರೆ. ಇಮಾಮರು ತಿದ್ದಿಕೊಂಡು ಮುಂದುವರಿಯುತ್ತಾರೆ. ಮರೆವಿಗೆ ಪರಿಹಾರವಾಗಿ ಎರಡು ಸುಜೂದ್ ಇದೆ. ಮರೆವಾಯಿತೆಂದು ನಮಾಝನ್ನೇ ಕೈಬಿಡುವುದಿಲ್ಲ.

ಇದರ ಹಿನ್ನೆಲೆಯಲ್ಲಿ ಹದೀಸ್ ಗ್ರಂಥಗಳು ದಾಖಲಿಸಿರುವ ಒಂದು ಘಟನೆಯಿದೆ. ಒಮ್ಮೆ ಪ್ರವಾದಿ(ಸ) ನಾಲ್ಕು ರಕಅತ್‌ಗಳ ನಮಾಝ್‌ನಲ್ಲಿ ಎರಡಕ್ಕೇ ಸಲಾಮ್ ಹೇಳಿದರು. ಅಲ್ಲಿ ಅಬೂಬಕರ್(ರ) ಮತ್ತು ಉಮರ್(ರ) ಇದ್ದರು. ಗೌರವದಿಂದ ಅವರು ಮಾತನಾಡಲು ಹಿಂಜರಿದರು. ಆಗ ದುಲ್‌ಯದೈನ್ ಎಂದು ಕರೆಯಲ್ಪಡುತ್ತಿದ್ದ ಸಹಾಬಿಯೊಬ್ಬರು, ನಮಾಝ್ ಕಡಿಮೆಯಾಯಿತೇ ಅಥವಾ ತಾವು ಮರೆತಿರೇ ಎಂದು ಕೇಳಿದರು. ಪ್ರವಾದಿ(ಸ) ಗದರಲಿಲ್ಲ. ಇತರರನ್ನು ವಿಚಾರಿಸಿ, ಹೌದೆಂದು ಖಚಿತವಾದ ಮೇಲೆ ಉಳಿದದ್ದನ್ನು ಪೂರ್ತಿಗೊಳಿಸಿ ಮರೆವಿನ ಸುಜೂದ್ ಮಾಡಿದರು. ಇನ್ನೊಂದು ವರದಿಯಲ್ಲಿ, ತಾವೂ ಮನುಷ್ಯರೇ, ಮರೆತಾಗ ನೆನಪಿಸಬೇಕೆಂದು ಅವರು ಹೇಳಿದ್ದು ಬಂದಿದೆ. ಪ್ರಶ್ನೆ ಕೇಳಿದ ಆ ಸಹಾಬಿಯ ಹೆಸರು ಇತಿಹಾಸದಲ್ಲಿ ಗೌರವದಿಂದಲೇ ಉಳಿಯಿತು.

ಚಿಂತನೆಯ ಕ್ಷೇತ್ರದಲ್ಲೂ ಇದೇ ಉದಾರತೆಯಿತ್ತು. ಸತ್ಯವನ್ನು ಅರಿಯಲು ಪ್ರಾಮಾಣಿಕವಾಗಿ ಇಜ್ತಿಹಾದ್ ನಡೆಸಿದ ನ್ಯಾಯಾಧೀಶ ಸರಿಯಾದರೆ ಎರಡು ಪುಣ್ಯ, ತಪ್ಪಿದರೂ ಒಂದು ಪುಣ್ಯ ಎಂಬ ಹದೀಸ್ ಪ್ರಸಿದ್ಧವಾಗಿದೆ. ನಮ್ಮ ಕರಾವಳಿಯ ಹೆಚ್ಚಿನ ಮುಸ್ಲಿಮರು ಅನುಸರಿಸುವ ಇಮಾಮ್ ಶಾಫಿಈ (767-820) ಬಗ್ದಾದ್‌ನಿಂದ ಈಜಿಪ್ಟಿಗೆ ಹೋದ ಬಳಿಕ ತಮ್ಮ ಅನೇಕ ತೀರ್ಮಾನಗಳನ್ನು ಬದಲಿಸಿದರು. ಹಳೆಯ ಮಾತು, ಹೊಸ ಮಾತು ಎಂದು ಎರಡನ್ನೂ ಶಾಫಿಈ ಗ್ರಂಥಗಳು ಇಂದಿಗೂ ಗುರುತಿಸುತ್ತವೆ. ಮಾತು ಬದಲಿಸಿದ್ದರಿಂದ ಇಮಾಮರ ಘನತೆ ಕುಗ್ಗಲಿಲ್ಲ. ಆದರೆ ಇಂದು ನಮ್ಮ ನಾಯಕರಾಗಲಿ, ಸಂಘಟನೆಗಳಾಗಲಿ, ಪತ್ರಿಕೆಗಳಾಗಲಿ "ಕಳೆದ ವರ್ಷ ನಾವು ಹೇಳಿದ್ದು ತಪ್ಪಾಗಿತ್ತು" ಎಂದು ಹೇಳಿದ್ದನ್ನು ಓದುಗರು ಎಷ್ಟು ಸಲ ಕೇಳಿದ್ದಾರೆ? ಈ ಪ್ರಶ್ನೆಯಿಂದ ನಾವೂ ಹೊರತಲ್ಲ.

ಈಗ ಮತ್ತೆ ಅಂಕಪಟ್ಟಿಗೆ ಬರೋಣ. 2024ರಲ್ಲಿ ಕರ್ನಾಟಕದಲ್ಲಿ ಎಸ್‌ಎಸ್‌ಎಲ್‌ಸಿ ಮತ್ತು ದ್ವಿತೀಯ ಪಿಯುಸಿಗೆ ವರ್ಷಕ್ಕೆ ಮೂರು ಪರೀಕ್ಷೆಗಳ ವ್ಯವಸ್ಥೆ ಬಂದಿತ್ತು. ಒಮ್ಮೆ ತಪ್ಪಿದವರಿಗೆ ಮತ್ತೆ ಅವಕಾಶ ಸಿಗುವುದು ಸ್ವಾಗತಾರ್ಹ. ಆದರೆ ಮತ್ತೊಮ್ಮೆ ಬರೆಯುವ ಅವಕಾಶ ಮತ್ತು ಕಲಿಯುವ ಅವಕಾಶ ಒಂದೇ ಅಲ್ಲ. ಮಗುವಿನ ಕೈಗೆ ಬರುವುದು ಒಂದು ಸಂಖ್ಯೆ. ಉತ್ತರಪತ್ರಿಕೆ ಬೇಕಾದರೆ ಅರ್ಜಿ ಹಾಕಿ, ಶುಲ್ಕ ಕಟ್ಟಿ ಪ್ರತಿ ಪಡೆಯಬೇಕು. ಪಡೆಯುವವರೂ ಹೆಚ್ಚಾಗಿ ನೋಡುವುದು ಎಲ್ಲಿ ಅಂಕ ಸೇರಿಸಬಹುದು ಎಂಬುದನ್ನೇ ಹೊರತು ಎಲ್ಲಿ ತಾನು ತಪ್ಪಿದೆ ಎಂಬುದನ್ನಲ್ಲ. ಎಷ್ಟು ಮಾತ್ರೆ ತಪ್ಪಿತೆಂದು ಹೇಳದೆ ಮೂರು ಸಲ ಕುಣಿಯಲು ಹೇಳಿದರೆ ನರ್ತಕಿ ಮೂರು ಸಲವೂ ಅಲ್ಲೇ ತಪ್ಪಬಹುದು. ಕೈ ಎಲ್ಲಿ ಬಿತ್ತೆಂದು ತೋರಿಸದೆ ಗುರಿ ಮುಟ್ಟು ಎಂದರೆ ಕೈ ಏನು ಮಾಡೀತು?

ಶಾಲೆಯ ಕಿರುಪರೀಕ್ಷೆಯ ಉತ್ತರಪತ್ರಿಕೆಗಳಾದರೂ ಅಂಕಕ್ಕಿಂತ ಮೊದಲು ತಿದ್ದುಪಡಿಯೊಂದಿಗೆ ಮಗುವಿನ ಕೈಗೆ ಬರಲಿ. ಮನೆಯಲ್ಲಿ "ಎಷ್ಟು ಬಂತು?" ಎಂದು ಕೇಳುವ ನಾವು "ಎಲ್ಲಿ ಎಡವಿದೆ, ತೋರಿಸು" ಎಂದು ಕೇಳುವುದನ್ನು ರೂಢಿಸಿಕೊಳ್ಳಬೇಕಾಗಿದೆ. ಬೈಗುಳದ ಭಯವಿಲ್ಲವೆಂದು ತಿಳಿದ ದಿನ ಆ ಹುಡುಗ ಚೀಲದ ತಳಕ್ಕೆ ತಾನೇ ಕೈಹಾಕುತ್ತಾನೆ. ಸಾಲಿನಲ್ಲಿ ನಿಂತವನು ಇಮಾಮರಿಗೆ ನೆನಪಿಸುವುದು ಅವರನ್ನು ಸೋಲಿಸುವುದಕ್ಕಲ್ಲ, ಎಲ್ಲರ ನಮಾಝ್ ಪೂರ್ಣವಾಗಲಿ ಎಂದು. ಸಲಾಮ್ ಆದ ಮೇಲೆ ಇಬ್ಬರೂ ಕೈಕುಲುಕಿ ಒಂದೇ ಬಾಗಿಲಿನಿಂದ ಹೊರಗೆ ಬರುತ್ತಾರೆ. ಮಸೀದಿಯಲ್ಲಿ ನಮಗೆ ಇಷ್ಟು ಸಹಜವಾದದ್ದು ಮನೆಯಲ್ಲಿ, ಶಾಲೆಯಲ್ಲಿ, ಸಭೆಯಲ್ಲಿ ಇಷ್ಟು ಕಷ್ಟವೇಕಾಗಬೇಕು?